ಕೈ ದೊಡ್ಡದಿದ್ದವರಿಗೆ ಎಂಥ ಗಿಟಾರ್ ನೆಕ್ ಒಗ್ಗುತ್ತದೆ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಸಂಜೆಯ ಹೊತ್ತು ಎಲೆಕ್ಟ್ರಿಕ್ ಗಿಟಾರ್‌ಗಳ ರಿಪೇರಿ, ಸೆಟಪ್ ಮಾಡಿಕೊಡುವ ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು: "ನನ್ನ ಕೈ ದೊಡ್ಡದು, ಯಾವ ಆಕಾರದ ನೆಕ್ ಇರುವ ಗಿಟಾರ್ ಕೊಳ್ಳಲಿ?" ನನ್ನ ಗೇಣು 24 ಸೆಂಟಿಮೀಟರ್ ಇದೆ, ಹಾಗಾಗಿ ಇದು ಮೊದಲು ನನ್ನದೇ ಪ್ರಶ್ನೆಯಾಗಿತ್ತು. ನಾನು ಕೊಡುವ ಉತ್ತರ ಕೈಯಿಂದ ಶುರುವಾಗುತ್ತದೆಯೇ ಹೊರತು ಗಿಟಾರ್‌ನಿಂದಲ್ಲ. "ದೊಡ್ಡ ಕೈ" ಎನ್ನುವುದು ಒಂದೇ ಬಗೆಯದಲ್ಲ; ಒಬ್ಬರಿಗೆ ಅಂಗೈ ದೊಡ್ಡದಿರುತ್ತದೆ, ಇನ್ನೊಬ್ಬರಿಗೆ ಬೆರಳು ಉದ್ದವಿರುತ್ತದೆ, ಮತ್ತೊಬ್ಬರಿಗೆ ಬೆರಳ ತುದಿ ದಪ್ಪವಿರುತ್ತದೆ. ದೊಡ್ಡ ಅಂಗೈ ಕೇಳುವುದು ನೆಕ್ಕಿನ, ಅಂದರೆ ಕೈ ಸುತ್ತಿ ಹಿಡಿಯುವ ಗಿಟಾರ್‌ನ ಉದ್ದನೆಯ ಕತ್ತಿನ, ದಪ್ಪವನ್ನು, ದಪ್ಪ ತುದಿ ಕೇಳುವುದು ಅದರ ಅಗಲವನ್ನು. ಈ ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಕಳೆದ ವರ್ಷ ಮಾಟುಂಗಾದಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಪರಿಚಯಸ್ಥರೊಬ್ಬರ ಮಗ ತನ್ನ ಹೊಸ ಗಿಟಾರ್ ತಂದಿದ್ದ. "ಅಂಕಲ್, ತೆಳು ನೆಕ್ಕಿನಲ್ಲಿ ಕೈ ಬೇಗ ಓಡ್ತದೆ ಅಂತ ಎಲ್ಲರೂ ಹೇಳಿದ್ರು. ಆದ್ರೆ ಹತ್ತು ನಿಮಿಷಕ್ಕೆ ಇಲ್ಲಿ ಹಿಡ್ಕೊಳ್ತದೆ" ಎಂದು ಹೆಬ್ಬೆರಳಿನ ಬುಡದ ಉಬ್ಬನ್ನು ಒತ್ತಿ ತೋರಿಸಿದ. ಒಂದನೇ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎಫ್ ಬಾರೆ ಕಾರ್ಡ್, ಅಂದರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೂ ಅಡ್ಡಲಾಗಿ ಒತ್ತುವ ಸ್ವರಗುಚ್ಛ, ಹಿಡಿಯಲು ಹೇಳಿ ಹಿಂಬದಿಯಿಂದ ನೋಡಿದೆ. ಅವನ ಅಂಗೈಗೂ ನೆಕ್ಕಿನ ಬೆನ್ನಿಗೂ ನಡುವೆ ಇನ್ನೊಂದು ನೆಕ್ ಹಿಡಿಸುವಷ್ಟು ಖಾಲಿ ಜಾಗವಿತ್ತು. ಹೆಬ್ಬೆರಳಿನ ತುದಿಯ ಗೆಣ್ಣು ಹಿಂದಕ್ಕೆ ಬಾಗಿ ಬೆಳ್ಳಗಾಗಿತ್ತು. ತೋರುಬೆರಳು ಬಿಟ್ಟು ಉಳಿದ ಬೆರಳುಗಳು ಅತಿಯಾಗಿ ಮಡಚಿಕೊಂಡಿದ್ದವು. ಪೆನ್ಸಿಲ್ಲೊಂದನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದು ಅರ್ಧ ಗಂಟೆ ಕುಳಿತರೆ ಕೈ ಹೇಗೆ ಸೋಲುತ್ತದೆಯೋ ಇದೂ ಹಾಗೆಯೇ. ಸ್ನಾಯು ಪೂರ್ತಿ ಕುಗ್ಗಿದ ಸ್ಥಿತಿಯಲ್ಲಿ ಅದರ ಬಲ ಕಡಿಮೆಯಾಗುತ್ತದೆ, ಆದ್ದರಿಂದ ಅಷ್ಟೇ ಒತ್ತಡಕ್ಕೆ ಅದು ಹೆಚ್ಚು ದುಡಿಯಬೇಕಾಗುತ್ತದೆ. ಒನಕೆಯನ್ನು ಹಿಡಿಯುವಾಗ ಇಂಥ ತೊಂದರೆಯಾಗುವುದಿಲ್ಲ, ಏಕೆಂದರೆ ಅದು ಅಂಗೈಯನ್ನು ತುಂಬುತ್ತದೆ.

ಇನ್ನೊಂದು ಗಿಟಾರ್ ಕೊಳ್ಳುವ ಮಾತು ಎತ್ತುವ ಮೊದಲು ಒಂದು ಪರೀಕ್ಷೆ ಮಾಡಿದೆವು. ಮನೆಯಲ್ಲಿ ಬಿದ್ದಿದ್ದ ದಪ್ಪ ರಟ್ಟಿನ ಮದುವೆಯ ಕರೆಯೋಲೆಯನ್ನು ನೆಕ್ಕಿನ ಬೆನ್ನಿನ ಅಗಲಕ್ಕೆ ಕತ್ತರಿಸಿ, ಒಂದನೇ ಫ್ರೆಟ್ಟಿನಿಂದ ಐದನೆಯದರವರೆಗೆ ಪದರದ ಮೇಲೆ ಪದರ ಇಟ್ಟು, ಪೇಂಟ್ ಮಾಡುವವರು ಬಳಸುವ ಕಾಗದದ ಟೇಪಿನಿಂದ ಅಂಚುಗಳನ್ನು ಮಾತ್ರ ಅಂಟಿಸಿದೆ. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದಾಗ 19 ಮಿಲಿಮೀಟರ್ ಇದ್ದ ದಪ್ಪ 22 ಆಗಿತ್ತು. ನೋಡಲು ಚೆನ್ನಾಗಿರಲಿಲ್ಲ, ಕೈ ಜಾರಿಸಲೂ ಬರುತ್ತಿರಲಿಲ್ಲ. ಆದರೆ ಅದೇ ಎಫ್ ಕಾರ್ಡ್ ಹಿಡಿದಾಗ ಹುಡುಗನ ಹೆಬ್ಬೆರಳು ನೆಟ್ಟಗೆ ನಿಂತಿತು. ಇಪ್ಪತ್ತು ನಿಮಿಷ ನುಡಿಸಿದ ಮೇಲೂ ಅವನು ಕೈ ಕೊಡವಲಿಲ್ಲ. ಈ ಪರೀಕ್ಷೆಗೆ ಖರ್ಚಿಲ್ಲ, ನೆಕ್ಕಿಗೂ ಹಾನಿಯಿಲ್ಲ. ಗಿಟಾರ್ ಈಗಾಗಲೇ ಮನೆಯಲ್ಲಿರುವ ಪ್ರತಿಯೊಬ್ಬರೂ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಲೇಬೇಕು ಎಂಬುದು ನನ್ನ ಆಗ್ರಹ.

ಇನ್ನು ಅಗಲದ ವಿಷಯ. ನೆಕ್ಕಿನ ಅಗಲವನ್ನು ನಟ್ಟಿನ ಬಳಿ, ಅಂದರೆ ನೆಕ್ಕಿನ ತಲೆಯ ಕಡೆ ತಂತಿಗಳು ಹಾದುಹೋಗುವ ಗೀರುಗಳಿರುವ ಸಣ್ಣ ಪಟ್ಟಿಯ ಬಳಿ, ಅಳೆಯುತ್ತಾರೆ. ಫೆಂಡರ್ ಕಂಪನಿಯ ಹಳೆಯ ಮಾದರಿಯ ಗಿಟಾರ್‌ಗಳಲ್ಲಿ ಅದು ಸುಮಾರು 42 ಮಿಲಿಮೀಟರ್, ಈಗಿನ ಅನೇಕ ಗಿಟಾರ್‌ಗಳಲ್ಲಿ 43, ಅಗಲವೆನ್ನಿಸುವಂಥವುಗಳಲ್ಲಿ 44.5 ಇರುತ್ತದೆ, ಕ್ಲಾಸಿಕಲ್ ಗಿಟಾರ್‌ನಲ್ಲಿ ಸುಮಾರು 52. ಆರು ತಂತಿಗಳ ನಡುವೆ ಐದು ಸಂದುಗಳಿರುವುದರಿಂದ 42ರಿಂದ 44.5ಕ್ಕೆ ಹೋದಾಗ ಸಿಗುವ ಎರಡೂವರೆ ಮಿಲಿಮೀಟರ್ ಹಂಚಿಹೋಗಿ ಪ್ರತಿ ಸಂದಿಗೆ ಅರ್ಧ ಮಿಲಿಮೀಟರ್ ಮಾತ್ರ ದಕ್ಕುತ್ತದೆ. ಕೇಳಲು ಅಲ್ಪವೆನ್ನಿಸಿದರೂ, ತೆರೆದ ಎ ಕಾರ್ಡ್ ಹಿಡಿಯುವಾಗ ಎರಡನೇ ಫ್ರೆಟ್ಟಿನಲ್ಲಿ ಮೂರು ದಪ್ಪ ಬೆರಳುಗಳನ್ನು ಒತ್ತಾಗಿ ಇಡಬೇಕಾದವರಿಗೆ, ಪಕ್ಕದ ತಂತಿ ಸತ್ತುಹೋಗದಿರಲು ಆ ಅರ್ಧ ಮಿಲಿಮೀಟರೇ ಸಾಕಾಗುತ್ತದೆ. ಬೆರಳು ಉದ್ದವಾಗಿ, ತುದಿ ಸಣ್ಣಗಿರುವವರು ಅಗಲ ನಟ್ಟಿಗಾಗಿ ಅಲೆಯುವ ಅಗತ್ಯವಿಲ್ಲ.

ನಟ್ಟಿನ ಅಗಲ ಕಡಿಮೆಯಿಲ್ಲದಿದ್ದರೂ ನೆಕ್ ತೆಳುವಾಗಿರಬಹುದು ಎಂಬುದನ್ನು ಇಲ್ಲಿಯೇ ಹೇಳಬೇಕು. ಐಬನೆಜ್ ಕಂಪನಿಯ ವಿಜಾರ್ಡ್ 3 ನೆಕ್ಕಿನಲ್ಲಿ ನಟ್ 43 ಮಿಲಿಮೀಟರ್ ಇದೆ. ದಪ್ಪ ಮಾತ್ರ ಒಂದನೇ ಫ್ರೆಟ್ಟಿನಲ್ಲಿ 19, ಹನ್ನೆರಡನೆಯದರಲ್ಲಿ 21. ಹೆಬ್ಬೆರಳನ್ನು ಬೆನ್ನಿನ ಮಧ್ಯದಲ್ಲಿಟ್ಟು, ಮಣಿಕಟ್ಟನ್ನು ಮುಂದಕ್ಕೆ ತಂದು ವೇಗದ ಲೀಡ್ ನುಡಿಸುವವರಿಗೆ ಅದು ಉತ್ತಮ ನೆಕ್. ಅಂಗೈ ತುಂಬಬೇಕೆನ್ನುವವರಿಗೆ ಅದು ಹೇಳಿಸಿದ್ದಲ್ಲ. ನನ್ನ ಮೊದಲ ಒಳ್ಳೆಯ ಗಿಟಾರ್ ಕೊಂಡಾಗ ಅಂಗಡಿಯವರು "ದೊಡ್ಡ ಕೈಗೆ ಅಗಲ ನೆಕ್" ಎಂದು ಇಂಥದೇ ತೆಳು ಬೆನ್ನಿನ ಗಿಟಾರ್ ಕೊಟ್ಟರು. ಎರಡು ವರ್ಷ ನೋವನ್ನು ನನ್ನ ಅಭ್ಯಾಸದ ಕೊರತೆ ಎಂದೇ ತಿಳಿದು ನುಡಿಸಿದೆ. ಆ ಎರಡು ವರ್ಷಗಳಿಗಾಗಿ ಇಂದಿಗೂ ಬೇಸರವಿದೆ.

ಆಕಾರವನ್ನು ಇಂಗ್ಲಿಷ್ ಅಕ್ಷರಗಳಿಂದ ಹೇಳುವುದು ರೂಢಿ. ನೆಕ್ಕನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ರೂಪ ಅದು. ಸಿ ಎಂದರೆ ಎಲ್ಲ ಕಡೆ ಹದವಾಗಿ ದುಂಡಗಿರುವುದು. ಡಿ ಎಂದರೆ ಬೆನ್ನು ಚಪ್ಪಟೆಯಾದದ್ದು. ಯು ಎಂದರೆ ಬದಿಗಳು ನೆಟ್ಟಗಿಳಿದು ಭುಜ ತುಂಬಿಕೊಂಡಿರುವುದು. ವಿ ಎಂದರೆ ದೋಣಿಯ ತಳದ ಹಾಗೆ ಮಧ್ಯದಲ್ಲಿ ಏಣು ಇರುವುದು. ಈ ಅಕ್ಷರಗಳು ದಪ್ಪವನ್ನು ಹೇಳುವುದಿಲ್ಲ; ತೆಳು ಸಿ ಇದೆ, ಭಾರೀ ಸಿ ಕೂಡ ಇದೆ. 1960ರ ದಶಕದ ಫೆಂಡರ್ ನೆಕ್‌ಗಳ ಬುಡದಲ್ಲಿ ಒತ್ತಿದ ಎ, ಬಿ, ಸಿ, ಡಿ ಗುರುತುಗಳಂತೂ ಆಕಾರಕ್ಕೆ ಸಂಬಂಧಿಸಿದವೇ ಅಲ್ಲ, ಅವು ನಟ್ಟಿನ ಅಗಲದ ಗುರುತುಗಳು. ಹಾಗಾಗಿ ಯಾರಾದರೂ "ನನ್ನದು ಸಿ ನೆಕ್" ಎಂದರೆ ನಾನು ಮರುಪ್ರಶ್ನೆಯಾಗಿ ಮಿಲಿಮೀಟರ್ ಎಷ್ಟೆಂದು ಕೇಳುತ್ತೇನೆ.

ಆಕಾರವನ್ನು ತೀರ್ಮಾನಿಸಬೇಕಾದದ್ದು ಹೆಬ್ಬೆರಳು. ಕೈ ದೊಡ್ಡದಿರುವ ಹೆಚ್ಚಿನವರು ತಮಗರಿವಿಲ್ಲದೆಯೇ ಹೆಬ್ಬೆರಳನ್ನು ನೆಕ್ಕಿನ ಮೇಲಂಚಿನಿಂದ ಈಚೆಗೆ ತರುತ್ತಾರೆ. ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೀಗೆ ಹೆಬ್ಬೆರಳಿನಿಂದಲೇ ಆರನೇ ತಂತಿಯ ಮಂದ್ರ ಸ್ವರವನ್ನು ಒತ್ತಿ, ಉಳಿದ ಬೆರಳುಗಳನ್ನು ಅಲಂಕಾರಕ್ಕೆ ಬಿಟ್ಟುಕೊಳ್ಳುತ್ತಿದ್ದರು. ಹೀಗೆ ಹಿಡಿಯುವವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲಿನಲ್ಲಿ ನೆಕ್ ಕೂರುತ್ತದೆ. ಆ ಕವಲಿಗೆ ಮೃದುವಾದ ವಿ ಅಥವಾ ದಪ್ಪ ಸಿ ಹೇಳಿ ಮಾಡಿಸಿದಂತಿರುತ್ತದೆ. ಯು ಆಕಾರದ ತುಂಬು ಭುಜ ಇವರಲ್ಲಿ ಕೆಲವರಿಗೆ ಹೆಬ್ಬೆರಳಿನ ದಾರಿಗೆ ಅಡ್ಡ ಬರುತ್ತದೆ. ಹೆಬ್ಬೆರಳನ್ನು ಹಿಂದೆಯೇ ಇಡುವವರಿಗಾದರೆ ಯು ನೆಕ್ ಕೊಡುವ ಆಸರೆ ಬೇರೆ ಯಾವುದರಲ್ಲೂ ಇಲ್ಲ. ಹೆಂಡ್ರಿಕ್ಸ್ ನುಡಿಸಿದ್ದು ಫೆಂಡರ್‌ನ ಸಾಮಾನ್ಯ ಅಗಲದ ಸ್ಟ್ರಾಟೋಕಾಸ್ಟರ್‌ಗಳನ್ನು ಎಂಬುದನ್ನೂ ನೆನಪಿಡಬೇಕು. ಹೆಬ್ಬೆರಳು ಮೇಲೆ ತರುವವರಿಗೆ ನೆಕ್ ತೀರಾ ಅಗಲವಾದರೆ ಆರನೇ ತಂತಿ ಎಟುಕುವುದಿಲ್ಲ.

ಮಾದರಿಗಳ ಹೆಸರು ಬೇಕೆನ್ನುವವರಿಗೆ ನಾನು ಮೊದಲು ಹಿಡಿದು ನೋಡಲು ಹೇಳುವುದು ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್‌ನ 50ರ ದಶಕದ ಮಾದರಿಯನ್ನು. 1950ರ ದಶಕದ ಕೊನೆಯಲ್ಲಿ ದಪ್ಪವಾಗಿದ್ದ ಲೆಸ್ ಪಾಲ್ ನೆಕ್ 1960ರಲ್ಲಿ ತೆಳುವಾಯಿತು. ಈಗ ಎರಡೂ ಬಗೆಯವು ಅದೇ ದಶಕಗಳ ಹೆಸರಿನಲ್ಲಿ ದೊರೆಯುತ್ತವೆ. 50ರ ಮಾದರಿಯ ದಪ್ಪ ಒಂದನೇ ಫ್ರೆಟ್ಟಿನಲ್ಲಿ ಸುಮಾರು 23, ಹನ್ನೆರಡನೆಯದರಲ್ಲಿ ಸುಮಾರು 25 ಮಿಲಿಮೀಟರ್. ಅಷ್ಟು ಬೆಲೆ ಎಲ್ಲರ ಕೈಗೆಟುಕದು. ಬಿಚ್ಚಿ ಜೋಡಿಸುವ ನೆಕ್ ಇರುವ ಟೆಲಿಕಾಸ್ಟರ್ ಮಾದರಿಯ ಗಿಟಾರ್ ಇದ್ದರೆ ನೆಕ್ಕನ್ನಷ್ಟೇ ಬದಲಿಸಬಹುದು. ಅಮೆರಿಕದ ವಾರ್ಮಾತ್ ಕಂಪನಿ ಫ್ಯಾಟ್‌ಬ್ಯಾಕ್ ಎಂಬ ಹೆಸರಿನಲ್ಲಿ ಒಂದು ಇಂಚು ದಪ್ಪದ ನೆಕ್ಕನ್ನೂ ಮಾಡಿಕೊಡುತ್ತದೆ. ದಪ್ಪ ನೆಕ್ಕನ್ನು ಮುಂದೆ ಉಜ್ಜಿ ತೆಳುವಾಗಿಸಲು ಸಾಧ್ಯವಿರುವುದರಿಂದ, ಎರಡರ ನಡುವೆ ಅನುಮಾನವಿದ್ದವರಿಗೆ ನಾನು ದಪ್ಪದ ಕಡೆಗೇ ಹೇಳುತ್ತೇನೆ.

ಸ್ಕೇಲ್ ಉದ್ದದ, ಅಂದರೆ ತಂತಿಯ ನುಡಿಯುವ ಭಾಗದ ಉದ್ದದ, ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಚರ್ಚೆಯಿದೆ. ಫೆಂಡರ್‌ನದು 648 ಮಿಲಿಮೀಟರ್, ಗಿಬ್ಸನ್‌ನದು ಸುಮಾರು 628. ಹನ್ನೆರಡನೇ ಮತ್ತು ಹದಿಮೂರನೇ ಫ್ರೆಟ್‌ಗಳ ನಡುವಿನ ಅಂತರ ಮೊದಲನೆಯದರಲ್ಲಿ 18.2, ಎರಡನೆಯದರಲ್ಲಿ 17.6 ಮಿಲಿಮೀಟರ್. ದೊಡ್ಡ ಕೈಗೆ ಈ ವ್ಯತ್ಯಾಸ ನೆಕ್ಕಿನ ದಪ್ಪದಷ್ಟು ಮುಖ್ಯವಲ್ಲ.

ಮುಂಬೈಯಲ್ಲಿರುವವರಿಗೆ ದಪ್ಪ ನೆಕ್ ಇನ್ನೊಂದು ಉಪಕಾರ ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯ ತೇವವನ್ನು ಹೀರಿ ಮರ ಹಿಗ್ಗುತ್ತದೆ, ನೆಕ್ಕಿನ ಬಾಗು ಬದಲಾಗುತ್ತದೆ, ತಂತಿಗಳು ಫ್ರೆಟ್ಟಿಗೆ ತಾಗಿ ಝರ್ ಎನ್ನುತ್ತವೆ. ಬಾಗದೆ ನಿಲ್ಲುವ ಶಕ್ತಿ ಸುಮಾರಾಗಿ ದಪ್ಪದ ಘನಕ್ಕೆ (ಮೂರನೇ ಘಾತಕ್ಕೆ) ಅನುಗುಣವಾಗಿ ಹೆಚ್ಚುವುದರಿಂದ, ಅದೇ ಮರದ 20 ಮಿಲಿಮೀಟರ್ ನೆಕ್ಕಿಗಿಂತ 23 ಮಿಲಿಮೀಟರ್‌ನದು ಒಂದೂವರೆ ಪಟ್ಟು ಗಟ್ಟಿ. ಮಳೆಗಾಲದ ಮೊದಲ ವಾರಗಳಲ್ಲಿ ಟ್ರಸ್ ರಾಡ್ (ನೆಕ್ಕಿನ ಬಾಗನ್ನು ಸರಿಪಡಿಸುವ ಒಳಗಿನ ಲೋಹದ ಸರಳು) ತಿರುಗಿಸಿಕೊಳ್ಳಲು ನನ್ನಲ್ಲಿಗೆ ಬರುವ ಗಿಟಾರ್‌ಗಳಲ್ಲಿ ತೆಳು ನೆಕ್ಕಿನವೇ ಹೆಚ್ಚು. ಅಂಗೈ ಬೆವರುವವರು ಬೆನ್ನಿಗೆ ಹೊಳಪಿನ ಪಾಲಿಶ್ ಇಲ್ಲದ, ಮಂದ ಮುಗಿತಾಯದ ನೆಕ್ಕನ್ನೇ ಆರಿಸಿಕೊಳ್ಳಲಿ. ದಪ್ಪ ನೆಕ್ ಅಂಗೈಗೆ ಹೆಚ್ಚು ತಾಗುವುದರಿಂದ ಅಂಟಿಕೊಳ್ಳುವುದೂ ಹೆಚ್ಚು.

ಹೋಟೆಲಿನವರ ಮಗನೊಂದಿಗೆ ನಾನೇ ಒಂದು ಮಂಗಳವಾರ ಬೆಳಿಗ್ಗೆ, ಗಿರಾಕಿಗಳ ಗದ್ದಲವಿಲ್ಲದ ಹೊತ್ತಿನಲ್ಲಿ, ಧೋಬಿ ತಲಾವ್ ಕಡೆಯ ವಾದ್ಯದ ಅಂಗಡಿಗೆ ಹೋದೆ. ಜೇಬಿನಲ್ಲಿ ಕ್ಯಾಲಿಪರ್ ಇತ್ತು. ಕುಳಿತು ನುಡಿಸಿದರೆ ನಿಜ ಗೊತ್ತಾಗುವುದಿಲ್ಲವೆಂದು ಪಟ್ಟಿ ಹಾಕಿಸಿ, ನಿಲ್ಲಿಸಿ, ಪ್ರತಿ ಗಿಟಾರ್‌ನಲ್ಲೂ ಹದಿನೈದು ನಿಮಿಷ ಬಾರೆ ಕಾರ್ಡ್‌ಗಳನ್ನೇ ನುಡಿಸಲು ಹೇಳಿದೆ. ನೋವು ಎಲ್ಲಿ ಶುರುವಾಗುತ್ತದೆ ಎಂದು ಪ್ರತಿ ಸಲವೂ ಕೇಳಿದೆ. ಹೆಬ್ಬೆರಳಿನ ಬುಡ ಎಂದಾಗ ಆ ಗಿಟಾರ್ ಪಕ್ಕಕ್ಕಿಟ್ಟೆವು, ಮಣಿಕಟ್ಟು ಎಂದಾಗ ಪಟ್ಟಿಯನ್ನು ಗಿಡ್ಡ ಮಾಡಿ ಇನ್ನೊಮ್ಮೆ ನುಡಿಸಿದೆವು. ಐದನೆಯ ಗಿಟಾರ್ ಹಿಡಿದವನು ಹದಿನೈದು ನಿಮಿಷ ಕಳೆದದ್ದು ಗೊತ್ತಾಗದೆ ನುಡಿಸುತ್ತಲೇ ಇದ್ದ. ಅಳೆದು ನೋಡಿದೆ: ನಟ್ 43, ಒಂದನೇ ಫ್ರೆಟ್ಟಿನಲ್ಲಿ ದಪ್ಪ 22.5 ಮಿಲಿಮೀಟರ್, ಆಕಾರ ಮೃದುವಾದ ವಿ. ಕರೆಯೋಲೆ ಅಂಟಿಸಿ ಅಳೆದದ್ದಕ್ಕಿಂತ ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚು.