ಅಷ್ಟು ತೋಪುಗಳಿದ್ದೂ ಆದಿಲ್ ಷಾಹ ಸೋತದ್ದೇಕೆ?

ರಾಯಚೂರು ಕೋಟೆ ನೋಡಲು ಬಂದವರು ಈ ಪ್ರಶ್ನೆ ಕೇಳದೆ ಹೋಗುವುದಿಲ್ಲ. ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾಹನ ಬಳಿ ಅಷ್ಟೊಂದು ತೋಪುಗಳಿದ್ದವಲ್ಲ, ಕೃಷ್ಣದೇವರಾಯ ಗೆದ್ದದ್ದು ಹೇಗೆ? ಶೌರ್ಯದಿಂದ ಎಂದರೆ ಕೇಳಿದವರಿಗೆ ಖುಷಿಯಾಗುತ್ತದೆ, ಆದರೆ ಅದು ಅರ್ಧ ಉತ್ತರ.

ರಾಯಚೂರಿಗಾಗಿ 1520ರ ಮೇ 19ರಂದು ಇಬ್ಬರ ನಡುವೆ ನಡೆದ ಕಾಳಗದ ವಿವರವಾದ ವರದಿ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ರಾಯನ ಕಾಲಾಳು ಏಳು ಲಕ್ಷಕ್ಕೂ ಹೆಚ್ಚು ಎನ್ನುತ್ತಾನೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿನ ಮೇ ಬಿಸಿಲಲ್ಲಿ ಅಷ್ಟು ಬಾಯಿಗೆ ನೀರು ಎಲ್ಲಿಂದ? ಲೆಕ್ಕ ಬಿಡಿ, ಕಾಳಗದ ಕ್ರಮ ಮಾತ್ರ ನಂಬುವಂತಿದೆ.

ಆದಿಲ್ ಷಾಹ ಕೃಷ್ಣೆ ದಾಟಿ ಬಂದ, ಹೊಳೆ ಬೆನ್ನಿಗೆ ಬಿತ್ತು. ರಾಯನ ಮುಂದಿನ ದಳಗಳು ಏರಿಹೋದಾಗ ತೋಪುಗಳೆಲ್ಲ ಒಟ್ಟಿಗೇ ಹಾರಿದವು. ಸಾಲು ಸಾಲಾಗಿ ಜನ ಬಿದ್ದರು, ಉಳಿದವರು ತಿರುಗಿ ಓಡಿದರು. ತಪ್ಪಾದದ್ದು ಇಲ್ಲೇ. ಆ ಕಾಲದ ತೋಪಿಗೆ ಒಂದು ಸಲ ಹಾರಿಸಿದ ಮೇಲೆ ನಳಿಗೆ ಒರೆಸಬೇಕು, ಬಾಯಿಂದ ಮದ್ದು ತುಂಬಬೇಕು, ಗಟ್ಟಿಸಬೇಕು, ಗುಂಡು ಇಳಿಸಬೇಕು, ಕಿವಿಯಲ್ಲಿ, ಅಂದರೆ ಹಿಂಬದಿಯ ಸಣ್ಣ ತೂತಿನಲ್ಲಿ, ಮದ್ದಿಟ್ಟು ಕಿಡಿ ಮುಟ್ಟಿಸಬೇಕು. ಒಳಗೆ ಕೆಂಡ ಉಳಿದಿದ್ದರೆ ತುಂಬುವವನ ಕೈಯೇ ಹೋದೀತು. ಅರ್ಧ ತೋಪು ಹಾರಿಸಿ ಅರ್ಧ ಉಳಿಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಸಾಲದ್ದಕ್ಕೆ, ಗೆದ್ದೆವೆಂದು ಬೆನ್ನಟ್ಟಿದವರು ತಮ್ಮ ಸಾಲು ತಾವೇ ಕೆಡಿಸಿಕೊಂಡರು.

ರಾಯ ಎಲ್ಲ ದಳಗಳನ್ನೂ ಮುಂದಕ್ಕೆ ನೂಕಿರಲಿಲ್ಲ. ತಾನು ಸತ್ತರೆ ಅದರ ಗುರುತಾಗಿ ರಾಣಿಯರಿಗೆ ತೋರಿಸೆಂದು ಬೆರಳಿನ ಉಂಗುರವನ್ನು ಊಳಿಗದ ಹುಡುಗನ ಕೈಗಿಟ್ಟು, ಕುದುರೆ ಏರಿ, ಉಳಿದ ಪಡೆಯನ್ನು ಒಟ್ಟಿಗೇ ನುಗ್ಗಿಸಿದ. ಉಂಗುರದ ಪ್ರಸಂಗವನ್ನೇ ಎಲ್ಲರೂ ಹೇಳುವುದು. ನನ್ನ ಪ್ರಕಾರ ಮುಂದಿನ ದಳ ಕಣ್ಣೆದುರೇ ಚದುರುತ್ತಿದ್ದಾಗಲೂ ಕೈಯಲ್ಲೊಂದು ಪಡೆ ಉಳಿದಿದ್ದದ್ದೇ ದೊಡ್ಡದು. ಓಡಿದವರು ಹೊಳೆಗೆ ಬಿದ್ದರು. ಅಲ್ಲಿ ರಾಯ ಬೆನ್ನಟ್ಟುವುದನ್ನು ನಿಲ್ಲಿಸಿದ, ತಪ್ಪಿಲ್ಲದವರು ಸಾಯುತ್ತಿದ್ದಾರೆಂದು. ಕೈಗೆ ಸಿಕ್ಕದ್ದು 400 ದೊಡ್ಡ ತೋಪು, 900 ತೋಪಿನ ಬಂಡಿ, 4,000 ಕುದುರೆ, 100 ಆನೆ.

ಕೋಟೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಗಾರೆಯಿಲ್ಲದೆ ಜೋಡಿಸಿದ ದೊಡ್ಡ ಕಲ್ಲು, ಒಳಗೆ ಮಣ್ಣು: ಗುಂಡಿಗೆ ಬಗ್ಗದು, ಹಾರೆಗೆ ಬಗ್ಗುತ್ತದೆ. ಹಾರೆ, ಪಿಕಾಸಿ ಹಿಡಿದು ಗೋಡೆ ಕೀಳುವವರಿಗೆ ಕಿತ್ತ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರು. ಮೇಲಿನಿಂದ ಹೊಡೆಯುವವರು ತಲೆ ಎತ್ತದಂತೆ ಮಾಡಿದ್ದು ಫಿಗೇರೆಡೊ ಎಂಬ ಪೋರ್ಚುಗೀಸನ 20 ಬಂದೂಕುಗಾರರು. ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ಮರುದಿನ ಊರು ಶರಣಾಯಿತು. ಇರುವವರು ಇರಲಿ, ಹೋಗುವವರು ಗಂಟುಮೂಟೆ ಸಮೇತ ಹೋಗಲಿ ಎಂದ ರಾಯ.

ಗೆದ್ದ ಮೇಲೆ ಆ ಹದ ಉಳಿಯಲಿಲ್ಲ. ಆದಿಲ್ ಷಾಹನೇ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಮಾತ್ರ ಸಂಧಿ ಎಂದ. ಮುದಗಲ್ಲಿಗೆ ಬಂದು ಕಾದ, ಆತ ಬರಲಿಲ್ಲ. ಸಿಟ್ಟಿನಿಂದ ಬಿಜಾಪುರಕ್ಕೇ ನಡೆದ. ಊರು ಸುಡು ಎಂದು ರಾಯ ಹೇಳಿರಲಿಲ್ಲ, ಆದರೆ ಸೈನಿಕರು ಒಲೆಗೆ ಸೌದೆ ಬೇಕೆಂದು ಮನೆಗಳನ್ನೇ ಕಿತ್ತುಹಾಕಿದರು. ಮನೆಗಳು ಏನು ತಪ್ಪು ಮಾಡಿದ್ದವು ಎಂದು ಆದಿಲ್ ಷಾಹ ಹೇಳಿಕಳಿಸಿದನಂತೆ.