ಓದಲ್ಲ ಎನ್ನುವವರ ಕೈಗೆ ಕೊಡುವ ಕಥೆ

ಲೈಬ್ರರಿ ಕೆಲಸದಲ್ಲಿ ನನಗೆ ಅತಿ ಪ್ರೀತಿಯವರು ಪುಸ್ತಕ ಎಂದರೆ ದೂರ ಓಡುವ ಹದಿಹರೆಯದವರು. ಪುಸ್ತಕ ಕೈಗಿಟ್ಟರೆ ಮೊದಲು ಎಷ್ಟು ದಪ್ಪ ಅಂತ ನೋಡುತ್ತಾರೆ. ಆಮೇಲೆ ನಡುವಿನದೊಂದು ಪುಟ ತೆರೆದು, ಅಕ್ಷರ ಒತ್ತೊತ್ತಾಗಿದ್ದರೆ ಅಲ್ಲಿಗೇ ಮುಚ್ಚಿಡುತ್ತಾರೆ.

ಇಂಥವರಿಗೆ ದೊಡ್ಡವರು ಮಾತಾಡುವ ಮೊಲ, ಕರಡಿಗಳ ಪುಸ್ತಕ ಕೊಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಾಡಿಗೆ ಬಾಕಿ, ಜೈಲಿಗೆ ಹೋದ ಅಣ್ಣ, ರಾತ್ರಿ ಪಾಳಿಯ ಅಮ್ಮ, ಇದೆಲ್ಲ ಆ ಹುಡುಗನಿಗೆ ಚೆನ್ನಾಗಿ ಗೊತ್ತು. ಅವನಿಗೆ ಕಷ್ಟವಾಗುವುದು ಉದ್ದ ವಾಕ್ಯ ಅಷ್ಟೇ. ವಾಕ್ಯ ಹಗುರವಾಗಲಿ, ಕಥೆ ಅವನ ವಯಸ್ಸಿನದೇ ಇರಲಿ.

ನಾನು ಮೊದಲು ಕೈಗಿಡುವುದು ಅಮೆರಿಕದ ಲೇಖಕ ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017). ಅಣ್ಣ ಗುಂಡೇಟಿಗೆ ಸತ್ತಿದ್ದಾನೆ. ಅಳಬಾರದು, ಯಾರ ಹೆಸರೂ ಹೇಳಬಾರದು, ಸೇಡು ತೀರಿಸಬೇಕು: ಅವರ ಕೇರಿಯ ಕಟ್ಟಳೆ ಅದು. ಹದಿನೈದರ ವಿಲ್ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಲಿಫ್ಟ್ ಹತ್ತುತ್ತಾನೆ. ಇಡೀ ಕಾದಂಬರಿ ಆ ಲಿಫ್ಟ್ ಕೆಳಗಿಳಿಯುವ 60 ಸೆಕೆಂಡುಗಳಲ್ಲೇ ನಡೆಯುತ್ತದೆ. ಮಹಡಿ ಮಹಡಿಗೂ ಬಾಗಿಲು ತೆರೆದು, ಇದೇ ಸೇಡಿನ ಸರಪಳಿಗೆ ಸಿಕ್ಕಿದ ಸತ್ತವರೊಬ್ಬರು ಒಳಗೆ ಬರುತ್ತಾರೆ. ಬರೆದಿರುವುದು ಪದ್ಯದಲ್ಲಿ, ಹಾಗಾಗಿ ಪುಟದ ತುಂಬ ಬಿಳಿ ಜಾಗ. ನಿಧಾನವಾಗಿ ಓದುವವರ ಕೈಯಲ್ಲೂ ಪುಟಗಳು ಬೇಗ ಬೇಗ ಹೊರಳುತ್ತವೆ. ದಪ್ಪ ಪುಸ್ತಕವೊಂದನ್ನು ಜೀವನದಲ್ಲಿ ಮೊದಲ ಸಲ ಮುಗಿಸಿದವರ ಮುಖದ ಹೆಮ್ಮೆ ನೋಡಬೇಕು!

ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ (1999) ಬೇರೆ ದಾರಿ ಹಿಡಿಯುತ್ತದೆ. ಕೊಲೆ ಆರೋಪ ಹೊತ್ತ, ನ್ಯೂಯಾರ್ಕ್ ನಗರದ ಹಾರ್ಲೆಮ್‌ನ ಹದಿನಾರರ ಹುಡುಗ ತನ್ನ ವಿಚಾರಣೆಯನ್ನು ತಾನೇ ಸಿನಿಮಾ ಚಿತ್ರಕಥೆಯಾಗಿ ಬರೆಯುತ್ತಾನೆ. ಸಿನಿಮಾ ನೋಡುವವರಿಗೆ ಸಂಭಾಷಣೆ ಓದುವುದು ಕಷ್ಟವೇ? ಇಬ್ಬರು ಮೂವರು ಪಾತ್ರ ಹಂಚಿಕೊಂಡು ಜೋರಾಗಿ ಓದಿದರಂತೂ ಕಟಕಟೆಯೇ ಕಣ್ಣ ಮುಂದೆ ಬರುತ್ತದೆ.

ಪುಸ್ತಕದ ಮೈಕಟ್ಟೂ ಮುಖ್ಯ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಶುರುವಾದ ಬ್ಯಾರಿಂಗ್ಟನ್ ಸ್ಟೋಕ್ ಪ್ರಕಾಶನ ಡಿಸ್ಲೆಕ್ಸಿಯಾ (ಅಕ್ಷರ ಗುರುತಿಸಿ ಓದುವುದಕ್ಕೆ ಆಗುವ ತೊಡಕು) ಇರುವವರಿಗೆಂದೇ ಓದಲು ಸುಲಭವಾದ ಅಕ್ಷರವಿನ್ಯಾಸ, ತಿಳಿಹಳದಿ ಕಾಗದ ಬಳಸುತ್ತದೆ. ಕಣ್ಣಿಗೆ ಆಯಾಸ ಕಡಿಮೆ.

ಲೇಖಕರು ಕೊನೆಯಲ್ಲಿ ಬುದ್ಧಿವಾದಕ್ಕೆ ಇಳಿದರೆ ಮಾತ್ರ ಎಲ್ಲ ಕೆಟ್ಟಿತು. ಈ ಓದುಗರು ದಿನವಿಡೀ ಬುದ್ಧಿಮಾತು ಕೇಳಿ ಸಾಕಾದವರು. ವಿಲ್ ಕೊನೆಗೆ ಏನು ಮಾಡಿದ ಅಂತ ರೆನಾಲ್ಡ್ಸ್ ಹೇಳುವುದಿಲ್ಲ. ಹುಡುಗರು ನನ್ನ ಮೇಜಿನ ಹತ್ತಿರ ಬಂದು, ಮುಂದಿನ ಭಾಗ ಎಲ್ಲಿ ಅಂತ ಜಗಳಕ್ಕೇ ನಿಲ್ಲುತ್ತಾರೆ. ಆಗ ಸಾರಾಂಶ ಬರೆದು ತಾ ಎನ್ನಬೇಡಿ, ದಯವಿಟ್ಟು. ಅದೇ ಲೇಖಕರ ‘ಘೋಸ್ಟ್’ ಕೊಡಿ. ಓಟದ ತಂಡವೊಂದರ ಕಥೆ, ಅದಕ್ಕೆ ಮುಂದಿನ ಭಾಗಗಳೂ ಇವೆ.