ಮೀನಖಂಡದಲ್ಲಿ ಶುರುವಾದ ಭಯ

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಸ್ಟೀಫನ್ ಹಾಕಿಂಗ್ ಅವರ ಬದುಕು ಚೆನ್ನಾಗಿಯೇ ಗೊತ್ತು. ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಇದೆಯೆಂದು 1963ರಲ್ಲಿ ತಿಳಿದಾಗ ಅವರಿಗೆ ಇಪ್ಪತ್ತೊಂದು ವರ್ಷ, ಬದುಕಿದ್ದು 2018ರವರೆಗೆ. ತರಗತಿಯಲ್ಲಿ ಇದನ್ನು ಛಲದ ಕಥೆಯಾಗಿ ಹೇಳುತ್ತಿದ್ದೆ. ಕಳೆದ ವರ್ಷ ಮೌಲ್ಯಮಾಪನದ ದಿನಗಳಲ್ಲಿ ನನ್ನ ಎಡಗಾಲಿನ ಮೀನಖಂಡ ಅದುರತೊಡಗಿದ ಮೇಲೆ ಆ ಕಥೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಇಪ್ಪತ್ತೊಂದು ಎಂಬ ಸಂಖ್ಯೆ ಮಾತ್ರ. ನನಗೆ ಆಗ ಇಪ್ಪತ್ತಾರು.

ನೋವಿರಲಿಲ್ಲ. ಮೇಜುದೀಪವನ್ನು ಅಡ್ಡ ಹಿಡಿದರೆ ಚರ್ಮ ಒಂದೆಡೆ ಚಿಮ್ಮಿ, ನಿಂತು, ಎರಡು ಬೆರಳು ಆಚೆ ಮತ್ತೆ ಚಿಮ್ಮುವುದು ಕಾಣುತ್ತಿತ್ತು. ಎದ್ದು ನಡೆದರೆ ಇಲ್ಲ, ಮಲಗಿದರೆ ಶುರು. ಹುಡುಕಿದಲ್ಲೆಲ್ಲ ಎಎಲ್‌ಎಸ್ ಎಂಬ ಮೂರಕ್ಷರ ಎದುರಾಯಿತು, ಹಾಕಿಂಗ್ ಅವರಿಗಿದ್ದ ಕಾಯಿಲೆಯ ಹೆಸರೇ ಅದು. ಆಮೇಲೆ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹಿಮ್ಮಡಿಯ ಮೇಲೆ ನಡೆಯುವುದು, ತುದಿಗಾಲಿನಲ್ಲಿ ನಿಲ್ಲುವುದು, ದರ್ಜಿಯ ಟೇಪಿನಲ್ಲಿ ಎರಡೂ ಮೊಣಕೈ ಕೆಳಗಿನ ಸುತ್ತಳತೆ ತೆಗೆಯುವುದು ಅಭ್ಯಾಸವಾಯಿತು. ಬರೆಯುವ ಕೈ ತುಸು ದಪ್ಪವಿರುವುದು ಸಹಜ. ಆದರೆ ಆ ಕೂದಲೆಳೆಯ ಅಂತರ ನನ್ನ ನಿದ್ದೆ ಕೆಡಿಸಲು ಸಾಕಾಗಿತ್ತು.

ಅಂಕಿಅಂಶ ಕಲಿತವಳಾದರೂ ಅಂಕಿಅಂಶ ನನ್ನ ನೆರವಿಗೆ ಬರಲಿಲ್ಲ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಈ ಕಾಯಿಲೆ ಬರುತ್ತದೆ, ಅವರಲ್ಲೂ ಹೆಚ್ಚಿನವರು ಐವತ್ತು ದಾಟಿದವರು. ಆ ಇಬ್ಬರಲ್ಲಿ ನಾನೇಕೆ ಒಬ್ಬಳಾಗಿರಬಾರದು ಎಂದು ಮನಸ್ಸು ಕೇಳುತ್ತಿತ್ತು. ಅಮ್ಮ ದೃಷ್ಟಿ ತೆಗೆದರು. ಅಪ್ಪ, "ಎಲ್ಲ ನಿನ್ನ ತಲೆಯೊಳಗಿನದು ಮಗಳೇ, ಏನೂ ಆಗಿಲ್ಲ" ಎಂದರು. ಇಬ್ಬರ ಪ್ರೀತಿಯಲ್ಲೂ ಕೊರತೆಯಿರಲಿಲ್ಲ, ಆದರೂ ರಾತ್ರಿ ಎರಡು ಗಂಟೆಗೆ ಕಾಲನ್ನು ನೋಡುತ್ತ ಕುಳಿತವಳು ನಾನೊಬ್ಬಳೇ.

ನರರೋಗ ತಜ್ಞರ ಕೊಠಡಿಯ ಹೊರಗೆ ನನ್ನ ಪಕ್ಕದಲ್ಲಿ ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಕುಳಿತಿದ್ದ. ಅವನ ಬಲ ಮುಂಗೈ ಸ್ಪಷ್ಟವಾಗಿ ಸೊರಗಿತ್ತು. ಚಳಿಯ ಬೆಳಿಗ್ಗೆ ಬೆರಳು ನೆಟ್ಟಗಾಗುವುದಿಲ್ಲ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ ಎಂದು ಅವನ ತಾಯಿ ಹೇಳಿದರು. ಹಿರಯಾಮಾ ಕಾಯಿಲೆಯಂತೆ. ಒಂದೇ ಕೈ ಅಥವಾ ಕಾಲು ಹೀಗೆ ಸೊರಗುವುದನ್ನು 1984ರಲ್ಲಿ ನಮ್ಮ ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ವಿವರಿಸಿದ್ದರೆಂದು ನಾನು ಆಮೇಲೆ ಓದಿದೆ. ಹೆಚ್ಚಾಗಿ ಹುಡುಗರಿಗೇ ಬರುವ ಹಿರಯಾಮಾ ಕೆಲವು ವರ್ಷ ಮುಂದುವರಿದು, ಬಹುತೇಕರಲ್ಲಿ ಅಲ್ಲಿಗೇ ನಿಲ್ಲುತ್ತದೆ. ನನಗೆ ನಾಟಿದ್ದು ಬೇರೆ. ಆ ಹುಡುಗನ ಕಷ್ಟವಿದ್ದದ್ದು ಗುಂಡಿಯಲ್ಲಿ, ಲೇಖನಿಯಲ್ಲಿ. ನಾನು ಇಡೀ ದಿನ ನಿಂತು ಪಾಠ ಮಾಡಿ, ಎರಡು ಮಹಡಿ ಹತ್ತಿ ಬಂದಿದ್ದೆ.

ವೈದ್ಯರೂ ಅದನ್ನೇ ಹೇಳಿದರು. ಅದುರುವಿಕೆಗಿಂತ ಅವರು ಹುಡುಕುವುದು ಕೈಲಾಗದ ಕೆಲಸವನ್ನು: ಚಪ್ಪಲಿ ಗೊತ್ತಿಲ್ಲದೆ ಕಾಲಿನಿಂದ ಜಾರುವುದು, ಬೀಗದ ಕೈ ತಿರುಗದಿರುವುದು, ಮಾತು ತೊದಲುವುದು. ಅಂಥದ್ದು ಕಂಡವರು ಖಂಡಿತ ತಡಮಾಡಬಾರದು. ನನ್ನ ಒತ್ತಾಯಕ್ಕೆ ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ ಇಎಂಜಿ ಪರೀಕ್ಷೆಯೂ ಆಯಿತು. ಸ್ನಾಯುವಿಗೆ ಸೂಜಿ ಚುಚ್ಚಿ ಸುಮ್ಮನಿರಿ ಎಂದರು. ಯಂತ್ರ ಮೌನವಾಗಿತ್ತು, ಪರದೆಯ ಗೆರೆ ಸಪಾಟಾಗಿತ್ತು. ಪಾದ ಒತ್ತಿ ಎಂದಾಗ ತಗಡಿನ ಮೇಲೆ ಮಳೆ ಸುರಿದಂಥ ಸದ್ದು. ಆರೋಗ್ಯವಂತ ಸ್ನಾಯು ಹಾಗೆಯೇ ಇರಬೇಕು ಎಂದರು.

ಆ ನೆಮ್ಮದಿ ವಾರಾಂತ್ಯವನ್ನೂ ದಾಟಲಿಲ್ಲ. ನಾಲಿಗೆಗೆ ಸೂಜಿ ಹಾಕಿಲ್ಲವಲ್ಲ ಎಂಬ ಯೋಚನೆ ಬಂದು ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತೆ. ಚಾಚಿದ ನಾಲಿಗೆ ಯಾರದ್ದಾದರೂ ನಡುಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಷ್ಟೋ ಸಲ ಓದಿದೆ. ಇಂಥ ನಿರಪಾಯಕಾರಿ ಅದುರುವಿಕೆಯಿದ್ದ 121 ಮಂದಿಯನ್ನು ವರ್ಷಗಳ ಕಾಲ ಗಮನಿಸಿದಾಗ ಒಬ್ಬರಿಗೂ ಎಎಲ್‌ಎಸ್ ಬಂದಿರಲಿಲ್ಲ. ಓದಿದಾಗಲೆಲ್ಲ ಸಮಾಧಾನ, ಅರ್ಧ ಗಂಟೆಗೆ ಮತ್ತೆ ಸಂಶಯ.

ಈ ಚಕ್ರವನ್ನೇ ಕಾಯಿಲೆಯೆಂದು ಒಪ್ಪಿ ಚಿಕಿತ್ಸೆ ಕೊಟ್ಟದ್ದು ಮನೋವೈದ್ಯರು. ಅವರು ನನ್ನನ್ನು ಸಮಾಧಾನಪಡಿಸಲೇ ಇಲ್ಲ, ಅದಕ್ಕಾಗಿ ನಾನು ಅವರಿಗೆ ಋಣಿ. ಪರೀಕ್ಷಿಸಿಕೊಳ್ಳಬೇಕು ಅನ್ನಿಸಿದಾಗ ಹೊತ್ತು ಬರೆದಿಟ್ಟು ಅರ್ಧ ಗಂಟೆ ಕಾಯಿರಿ, ಆ ಅರ್ಧ ಗಂಟೆಯಲ್ಲಿ ಭಯ ಏರಿದ್ದನ್ನೂ ಇಳಿದದ್ದನ್ನೂ ಬರೆಯಿರಿ ಎಂದರು. ಮೊದಲ ಕೆಲವು ಸಲ ಅತ್ತಿದ್ದೇನೆ. ಆದರೆ ಏರಿದ ಭಯ, ನಾನು ಕಾಲು ಮುಟ್ಟದಿದ್ದರೂ, ತಾನಾಗಿ ಇಳಿಯಿತು. ಯಾವ ವರದಿಯೂ ಕೊಡದ ಧೈರ್ಯ ಆ ನೋಟುಪುಸ್ತಕ ಕೊಟ್ಟಿತು. ಟೇಪನ್ನು ಅಮ್ಮನ ಹೊಲಿಗೆ ಡಬ್ಬಿಗೆ ಹಿಂತಿರುಗಿಸಿದೆ. ಕಾಫಿ ಕಡಿಮೆ ಮಾಡಿದೆ. ಮೀನಖಂಡ ಈಗಲೂ ಕೆಲವೊಮ್ಮೆ, ಮುಖ್ಯವಾಗಿ ನಿದ್ದೆಗೆಟ್ಟ ಮರುದಿನ, ಅದುರುತ್ತದೆ.

ನಮ್ಮಲ್ಲಿ ಎಳೆಯರು ಇಂಥ ಭಯ ಹೇಳಿಕೊಂಡರೆ "ಈ ವಯಸ್ಸಿಗೆ ಏನು ಕಾಯಿಲೆ" ಎಂದು ಬಾಯಿ ಮುಚ್ಚಿಸುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಮನೋವೈದ್ಯರ ಬಳಿ ಹೋಗುವುದು ಕಷ್ಟವೆನಿಸಿದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾವ ಕಾಯಿಲೆಯ ಭಯವೆಂದು ವಿವರಿಸುವ ಮೊದಲು, ದಿನದಲ್ಲಿ ಎಷ್ಟು ಹೊತ್ತು ಮೈ ಪರೀಕ್ಷಿಸಿಕೊಳ್ಳುತ್ತೀರಿ, ಎಷ್ಟು ಹೊತ್ತು ಮೊಬೈಲಿನಲ್ಲಿ ಹುಡುಕುತ್ತೀರಿ ಎಂಬುದನ್ನು ಹೇಳಿ. ನಾನು ಮನೋವೈದ್ಯರ ಮುಂದೆ ಅದನ್ನು ಹೇಳಿದ ಮೇಲೆಯೇ ಚಿಕಿತ್ಸೆ ಶುರುವಾದದ್ದು.